ಇಲಿಯಲ್ಲಿ ಇಳಿದ ಸಕ್ಕರೆ

ರಾಯಚೂರಿನಿಂದ ಮಾನ್ವಿ, ದೇವದುರ್ಗಗಳತ್ತ ಸಾಗುವವರಿಗೆ ಬೀಳುಭೂಮಿಯಲ್ಲಿ ಹಳದಿ ಹೂವಿನ ತಂಗಡಿ ಗಿಡ ಕಾಣಸಿಗುತ್ತದೆ. ಆವರಿಕೆಯೆಂದೂ ಹೆಸರಾದ ಇದರ ಕಷಾಯ ಸಕ್ಕರೆ ಕಾಯಿಲೆಗೆ ಮದ್ದೆಂಬ ನಂಬಿಕೆ ಹಳೆಯದು. ಬರಿಯ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ: ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಹೂವಿನ ಸಾರ ಸೇವಿಸಿದ ಮಧುಮೇಹಿ ಇಲಿಗಳ ರಕ್ತದ ಸಕ್ಕರೆ ತಗ್ಗಿತ್ತು.

ಆದರೆ ಆ ಇಲಿಗಳಿಗೆ ಕಾಯಿಲೆ ತಾನಾಗಿ ಬಂದುದಲ್ಲ. ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕವನ್ನು ಚುಚ್ಚಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಗೊಳಿಸಿ ಬರಿಸಿದ್ದು. ನಡುವಯಸ್ಸಿನಲ್ಲಿ ನಮ್ಮವರನ್ನು ಕಾಡುವ ಮಧುಮೇಹವಾದರೋ ವರ್ಷಗಟ್ಟಲೆ ಮೆಲ್ಲನೆ ಬೆಳೆಯುವಂಥದು. ಒಂದರ ಫಲವನ್ನು ಇನ್ನೊಂದಕ್ಕೆ ನೇರವಾಗಿ ಅನ್ವಯಿಸಲಾಗದು.

ಇಂದು ಮನೆಮನೆಗೂ ಪರಿಚಿತವಾದ ಮೆಟ್‌ಫಾರ್ಮಿನ್ ಮಾತ್ರೆಯ ಕಥೆಯೂ ಯೂರೋಪಿನ ಗಲೇಗ ಎಂಬ ಗಿಡದಿಂದಲೇ ಆರಂಭವಾಯಿತು. ಅದೇ ಬಳಗದ ಗ್ವಾನಿಡೀನ್ ಪ್ರಾಣಿಗಳಲ್ಲಿ ಸಕ್ಕರೆ ತಗ್ಗಿಸುವುದು 1918ರಲ್ಲೇ ತಿಳಿದಿತ್ತು. ಆದರೆ ಅದು ವಿಷಕಾರಿ. ಮೆಟ್‌ಫಾರ್ಮಿನ್ ರೋಗಿಗಳಿಗೆ ಉಪಯುಕ್ತವೆಂದು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಪ್ರಕಟಿಸಿದ್ದು 1957ರಲ್ಲಿ!

ಮನುಷ್ಯರ ಪ್ರಾಣರಕ್ಷಣೆಗೆ ನೆರವಾಗುವ ಪ್ರಯೋಗಗಳನ್ನು ಪ್ರಾಣಿಗಳ ಮೇಲೆ ಮಿತಿಯರಿತು ನಡೆಸಬಹುದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಒಪ್ಪುತ್ತದೆ. ವೃಥಾ ನೋವುಣಿಸುವುದನ್ನು ನಿಷೇಧಿಸುತ್ತದೆ. ಪದವಿಯ ಪ್ರಬಂಧಕ್ಕಾಗಿ ಅದೇ ಪ್ರಯೋಗವನ್ನು ಪುನಃ ಪುನಃ ನಡೆಸಿ, ಮಾನವ ಪರೀಕ್ಷೆಯ ಹಂತಕ್ಕೆ ಒಯ್ಯದೆ ಕೈಬಿಟ್ಟರೆ ಆ ನೋವು ವೃಥಾ ಅಲ್ಲವೇ ಎಂದು ನಾವು ಕೇಳಬೇಕಾಗಿದೆ.

ಅಲ್ಲಿಯವರೆಗೆ, ತಂಗಡಿ ಕಷಾಯ ಕುಡಿಯುವವರು ವೈದ್ಯರಿಗೆ ತಿಳಿಸಿಯೇ ಕುಡಿಯಲಿ. ಅದನ್ನು ನಂಬಿ ಇನ್ಸುಲಿನ್ನನ್ನಾಗಲಿ ಮಾತ್ರೆಯನ್ನಾಗಲಿ ನಿಲ್ಲಿಸದಿರಲಿ. ಎರಡೂ ಕೂಡಿದಾಗ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪುವ ಅಪಾಯವೂ ಉಂಟು.