ಹಾಜರಿ ಪುಸ್ತಕದ ಲೆಕ್ಕ

ಕಾಯಕವೆಂದೊಡನೆ ನಾವು ದುಡಿಮೆಯ ಮಹತ್ತ್ವವನ್ನು ಕುರಿತು ಮಾತನಾಡುತ್ತೇವೆ. ದುಡಿದ ಹೊತ್ತನ್ನು ಬರೆದಿಡುವ ಪುಸ್ತಕದ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಕಡಿಮೆ. ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ತರುಣ ಸದ್ಭಕ್ತರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ಕೇಳಿದ ಪ್ರಶ್ನೆ ನಮ್ಮನ್ನು ಆ ಕಡೆಗೆ ತಿರುಗಿಸಿತು.

ರಾತ್ರಿ 10ಕ್ಕೆ ಒಳಹೊಕ್ಕು ಬೆಳಗಿನ 6ಕ್ಕೆ ಹೊರಬರುವವರ ಪಾಳಿಯ ನಡುವೆ ತಾರೀಖು ಬದಲಾಗುತ್ತದೆ. ಬೆರಳೊತ್ತುವ ಯಂತ್ರಕ್ಕೆ ಇದನ್ನು ಸರಿಯಾಗಿ ತಿಳಿಸಿಕೊಡದಿದ್ದರೆ, ಮೊದಲ ದಿನ ಹೊರಹೋದ ಗುರುತಿಲ್ಲ, ಮರುದಿನ ಒಳಬಂದ ಗುರುತಿಲ್ಲ ಎಂದು ಅದು ಗೈರುಹಾಜರಿ ಹಾಕಿಬಿಡುತ್ತದೆ. ಸಿಮೆಂಟಿನಲ್ಲಿ ಸವೆದ ಬೆರಳನ್ನಂತೂ ಎಷ್ಟೋ ವೇಳೆ ಗುರುತಿಸುವುದೇ ಇಲ್ಲ. ದುಡಿದ ಕೈಯನ್ನೇ ಅರಿಯದುದನ್ನು ದುಡಿಮೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದೇವೆ!

ಈ ತರುಣರ ಎರಡು ರಾತ್ರಿಗಳು ಹೀಗೆ ಲೆಕ್ಕದಿಂದ ಜಾರಿದ್ದವು. ಮೇಲ್ವಿಚಾರಕರು ಕೆಟ್ಟವರಲ್ಲ. "ತಿದ್ದುಪಡಿಗೆ ಬರೆದರೆ ಮೇಲಿನವರು ಕಾರಣ ಕೇಳುತ್ತಾರೆ. ಮುಂದಿನ ತಿಂಗಳು ನಿಮ್ಮ ಹೆಸರಿಗೆ 8 ಗಂಟೆ ಓವರ್‌ಟೈಮ್ ಬರೆಯುತ್ತೇನೆ, ಅದಕ್ಕೆ ಇಮ್ಮಡಿ ದರವಲ್ಲವೆ, 16 ಗಂಟೆಯ ಕೂಲಿ ಕೂಡಿಬರುತ್ತದೆ" ಎಂದರಂತೆ. ಹಣ ಸರಿಹೋಗುವಾಗ ದೋಷವೇನು? ಇದೇ ಅವರ ಪ್ರಶ್ನೆ.

ಹಣ ಸರಿಹೋಗುತ್ತದೆ, ನಿಜ. ಪುಸ್ತಕದಲ್ಲಿ ಮಾತ್ರ ಒಂದು ಸುಳ್ಳು ಹೋಗಿ ಎರಡು ಸುಳ್ಳು ನಿಲ್ಲುತ್ತವೆ: ಬಂದ ದಿನ ಬರಲಿಲ್ಲವೆಂದು, ದುಡಿಯದ ಹೊತ್ತು ದುಡಿದರೆಂದು. ವರ್ಷದ ರಜೆಯ ಲೆಕ್ಕ ದುಡಿದ ದಿನಗಳನ್ನು ಅವಲಂಬಿಸಿರುತ್ತದೆ, ಅದೂ ಕೆಡುತ್ತದೆ. ಇದಲ್ಲದೆ, ಹಕ್ಕಿನಿಂದ ಬರಬೇಕಾದ ಕೂಲಿ ಒಬ್ಬರ ಉಪಕಾರವಾಗಿ ಬರುತ್ತದೆ.

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಓದುವ ದಿನಗಳಲ್ಲಿ ಕಟ್ಟಡವೊಂದರ ಕೂಲಿಯವರ ಹಾಜರಿ ಬರೆಯುವ ಹೊಣೆ ನಮ್ಮ ಮೇಲಿತ್ತು. ಕಲ್ಲು ಹೊರುವ ತಾಯಿಯೊಬ್ಬರಿಗೆ ಪೂರ್ಣ ದಿನಕ್ಕೆ ಬದಲಾಗಿ ಅರ್ಧ ದಿನ ಬರೆದೆವು. ಬಟವಾಡೆಯ ದಿನ ಆಕೆ ಏನೂ ಕೇಳಲಿಲ್ಲ, ಅಕ್ಷರ ಬಾರದವರು. ಆಮೇಲೆ ತಪ್ಪು ಕಂಡು, ಉಳಿದ ಕೂಲಿಯನ್ನು ನಮ್ಮ ಕೈಯಿಂದಲೇ ಕೊಟ್ಟು, ಯಾರಿಗೂ ತಿಳಿಯದಂತೆ ಬ್ಲೇಡಿನಿಂದ ಕೆರೆದು ಅಂಕಿಯನ್ನು ತಿದ್ದಿದೆವು. ನಮ್ಮ ಹಿರಿಯರು ಆ ಹಾಳೆಯನ್ನು ಬೆಳಕಿಗೆ ಹಿಡಿದು, "ತಪ್ಪು ಬರೆದುದಕ್ಕೆ ಕೇಳುತ್ತಿಲ್ಲ, ಕೆರೆದುದಕ್ಕೆ ಕೇಳುತ್ತಿದ್ದೇನೆ" ಎಂದರು. ಹಳೆಯ ಅಂಕಿ ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಖು ಹಾಕಿ ಸಹಿ ಮಾಡುವುದನ್ನು ಅಂದು ಕಲಿತೆವು.

ತರುಣರಿಗೆ ನಾವು ಹೇಳಿದುದು ಇಷ್ಟೆ: ಬಾಯಿಮಾತು ಬೇಡ, ಬರೆದು ಕೊಡಿ. ತಾರೀಖು, ಪಾಳಿ, ಜೊತೆಗೆ ದುಡಿದವರ ಹೆಸರು ಇರಲಿ. ಒಂದು ಪ್ರತಿ ನಿಮ್ಮಲ್ಲಿರಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ತಿಂಗಳ ವೇತನ ಮುಂದಿನ ತಿಂಗಳ 7ರೊಳಗೆ ಸಲ್ಲಬೇಕು, ವೇತನ ಚೀಟಿಯನ್ನೂ ಕೊಡಬೇಕು. ಬಾಕಿ ಕೇಳಲು 3 ವರ್ಷಗಳ ಅವಧಿಯಿದೆ. ಆದರೂ ತಿಂಗಳ ಲೆಕ್ಕ ಮುಗಿಯುವ ಮೊದಲೇ ಹೇಳುವುದು ಮೇಲು, ನೆನಪು ಹಸಿಯಾಗಿರುತ್ತದೆ.

ಅವರು ಎದ್ದು ಹೋಗಲಿಲ್ಲ. ಹಿಂದಿನ ತಿಂಗಳು ವಾರದ ರಜೆಯಂದು ಮರೆತ ಊಟದ ಡಬ್ಬಿ ತರಲು ಹೋದಾಗ, ರೂಢಿಯಂತೆ ಬೆರಳೊತ್ತಿದ್ದರಂತೆ. ಅದಕ್ಕೆ 4 ಗಂಟೆಯ ಕೂಲಿ ಬಂದಿತ್ತು. "ಕಳೆದ ರಾತ್ರಿಗಳನ್ನು ಕೇಳುವ ಕಾಗದದಲ್ಲಿ ಇದನ್ನೂ ಬರೆಯಿರಿ ಎಂದು ಮನೆಯವರು ಹಟ ಹಿಡಿದಿದ್ದಾರೆ" ಎಂದು ತಲೆ ತಗ್ಗಿಸಿದರು. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದ ಲಕ್ಕಮ್ಮನವರು ನಮಗೆ ನೆನಪಾದರು. ಹೆಚ್ಚು ಸಂದ ವೇತನವನ್ನು ಮುಂದಿನ ಸಂಬಳದಲ್ಲಿ ಸರಿದೂಗಿಸಲು ಕಾಯಿದೆಯಲ್ಲಿಯೂ ಅವಕಾಶವುಂಟು ಎಂದಷ್ಟೇ ಹೇಳಿದೆವು.

ಕಾಗದ ಹೋಯಿತು. ಮೇಲಿನವರು ಕಾರಣ ಕೇಳಿದರು; ಯಂತ್ರದ ಪಾಳಿಪಟ್ಟಿಯೇ ತಪ್ಪಾಗಿತ್ತೆಂದು ಹೊರಬಿದ್ದಿತು. ಅದೇ ಪಾಳಿಯ ಇನ್ನೂ ಆರು ಜನರ ರಾತ್ರಿಗಳು ಹಾಗೆಯೇ ಕಳೆದುಹೋಗಿದ್ದವು. ಅವರಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ತರುಣರು ದಂಪತಿಸಮೇತ ಬಂದು ವೇತನ ಚೀಟಿಯನ್ನು ತೋರಿಸಿದರು: ಎರಡು ರಾತ್ರಿಗಳು ಸೇರಿದ್ದವು, 4 ಗಂಟೆಗಳು ಕಳೆದಿದ್ದವು.