ಕಾಣಿಸದಿದ್ರೆ ದುಡ್ಡು ವಾಪಸ್ಸಾ?

ಮೈಸೂರು ಝೂಗೆ ಹೋಗಿಬಂದ ನಮ್ಮ ಮಂಡ್ಯ ಕಡೆಯವರದ್ದು ಒಂದೇ ಗೊಣಗಾಟ: "ಹುಲಿ ಮೂಲೇಲಿ ಮಲಗಿತ್ತು, ದುಡ್ಡು ದಂಡ." ಇವರು ಕೇಳೋ ಸುಧಾರಣೆ ಅಂದ್ರೆ ಪ್ರಾಣಿ ಇನ್ನೂ ಹತ್ತಿರ ಕಾಣಬೇಕು, ಫೋಟೋ ಚೆನ್ನಾಗಿ ಬರಬೇಕು!

ನನ್ನ ಕೇಳಿದ್ರೆ ಆಗಬೇಕಾದ್ದು ಉಲ್ಟಾ. ಪ್ರಾಣಿಗೆ ನಮ್ಮಿಂದ ಅಡಗಿಕೊಳ್ಳೋಕೆ ಪೊದೆ ಬೇಕು, ನೆರಳು ಬೇಕು, ಬೇಜಾರು ಕಳೆಯೋಕೆ ಊಟ ಹುಡುಕೋ ಕೆಲಸ ಬೇಕು. 1892ರಲ್ಲಿ ಶುರುವಾದ ಈ ಝೂನಲ್ಲಿ ಕಂಬಿಯ ಬದಲು ಕಂದಕ ಬಂದಿದ್ದು ದೊಡ್ಡ ಹೆಜ್ಜೆಯೇ. ಆದ್ರೆ ಕಂದಕ ತೆಗೆದದ್ದು ನಮ್ಮ ಕಣ್ಣಿಗಿದ್ದ ಅಡ್ಡಿ. ಪ್ರಾಣಿಗೆ ಮರೆಯನ್ನ ಬೇರೆಯಾಗೇ ಕಟ್ಟಿಕೊಡಬೇಕು.

ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ಹಕ್ಕಿ ಹಾರಿಹೋದ್ರೆ ದೋಣಿಯವರ ಹತ್ರ ಜಗಳ ಆಡ್ತೀವಾ? ಪಾಂಡವಪುರ, ಕೆ.ಆರ್.ಪೇಟೆ ಕಡೆಯ ಮೇಲುಕೋಟೆ ಕುರುಚಲು ಕಾಡು 1974ರಲ್ಲಿ ಅಭಯಾರಣ್ಯ ಆಗಿದ್ದೇ ತೋಳಕ್ಕೋಸ್ಕರ. ಅಲ್ಲಿ ಪುಳಿಯೋಗರೆ ತಿಂದು ಬರೋ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾಗಮಂಗಲದ ಆದಿಚುಂಚನಗಿರಿಯ ನವಿಲುಧಾಮ ಗೊತ್ತು, ಯಾಕಂದ್ರೆ ನವಿಲು ಕಾಣುತ್ತೆ. ತೋಳ ಕಾಣಲ್ಲ, ಅದಕ್ಕೇ ಲೆಕ್ಕಕ್ಕಿಲ್ಲ. ಕಾಡಿನ ಒತ್ತುವರಿ ಶುರುವಾಗೋದೂ ಇದೇ ಬುದ್ಧಿಯಿಂದ.

ಝೂನಲ್ಲಿ ತೋಳದ ಮನೆ ಮುಂದೆ ಮೇಲುಕೋಟೆಯ ದೊಡ್ಡ ನಕ್ಷೆ ಹಾಕಲಿ. ತೋಳ ಒಳಗೆ ಮಲಗಿದ್ರೆ ಅದನ್ನ ಓದಿಕೊಂಡು ಬರೋಣ. ಟಿಕೆಟ್ ತಗೊಂಡಿದ್ದು ನಾವು ಸ್ವಾಮಿ, ಕಾಣಿಸ್ಕೋತೀನಿ ಅಂತ ಪ್ರಾಣಿ ಎಲ್ಲೂ ಸೈನ್ ಮಾಡಿಲ್ಲ.

ಏನಂತೀರಿ?