ಕೊಳದ ನೀರಿನ ಪರಿಚರ್ಯೆ

ನಗರಗಳಲ್ಲಿ ದುಡಿದು ದಣಿದು ಊರ ಕಡೆಗೆ ಮರಳಿದವರು ಶ್ರೀರಂಗಪಟ್ಟಣದ ಆಸುಪಾಸಿನಲ್ಲಿಯೂ ಪಾಂಡವಪುರದ ನಾಲೆಬಯಲಿನ ಅಂಚಿನಲ್ಲಿಯೂ ಕಟ್ಟಿಕೊಳ್ಳುತ್ತಿರುವ ತೋಟದ ಮನೆಗಳಲ್ಲಿ ಅಲ್ಲಲ್ಲಿ ಒಂದು ಪುಟ್ಟ ಈಜುಕೊಳವೂ ಕಾಣಿಸಿಕೊಳ್ಳುತ್ತಿರುವುದನ್ನು ನೋಡಿ, ಇದು ಪರದೇಶದ ವಿಲಾಸವೆಂದು ಮುಖ ತಿರುಗಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಮೇಲುಕೋಟೆಯ ಕಲ್ಯಾಣಿಯನ್ನೂ ಅಕ್ಕ-ತಂಗಿಯರ ಕೊಳವನ್ನೂ ಕಂಡ ಜನಕ್ಕೆ, ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಬಿಗಿದುಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ಜನಕ್ಕೆ, ನೀರಿಗಿಳಿಯುವ ಸುಖವು ಯಾರಿಂದಲೂ ಕಡ ತಂದದ್ದಲ್ಲ. ಆದರೆ ನೀರನ್ನು ಅಂಗಳಕ್ಕೆ ಬರಮಾಡಿಕೊಂಡವನು ಅದರ ನಿತ್ಯಪರಿಚರ್ಯೆಯ ಹೊಣೆಯನ್ನೂ ಹೊತ್ತನೆಂಬುದನ್ನು, ಕಟ್ಟುವ ಉತ್ಸಾಹದಲ್ಲಿ ನಾವು ಸುಲಭವಾಗಿ ಮರೆಯುತ್ತೇವೆ.

ಹಿಂದಿನವರು ಮರೆಯಲಿಲ್ಲ. 1171ರಲ್ಲಿ ಬಮ್ಮವೆ ನಾಯಕಿತಿಯು ನಮ್ಮ ಕಿಕ್ಕೇರಿಯಲ್ಲಿ ಬ್ರಹ್ಮೇಶ್ವರ ದೇವಾಲಯವನ್ನು ಕಟ್ಟಿಸಿದ ಆ ಹೊಯ್ಸಳ ಯುಗದ ಆಚೀಚೆಗೆ, ಕರ್ಣಾಟಕದ ಶಾಸನಗಳಲ್ಲಿ ಕೆರೆಗಳ ಪಾಲನೆಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಹೂಳನ್ನು ಹೊರುವ ಬಂಡಿಗೆಂದೇ ಭೂಮಿಯನ್ನು ಬಿಟ್ಟುಕೊಟ್ಟವರೂ ಉಂಟು. ಕಟ್ಟುವ ವೆಚ್ಚದೊಡನೆ ಕಾಯುವ ವೆಚ್ಚವನ್ನೂ ಆಗಲೇ ಎಣಿಸಿ ತೆಗೆದಿರಿಸಿದ ಆ ದೂರದೃಷ್ಟಿಯೇ ಮಿತವ್ಯಯದ ನಿಜಸ್ವರೂಪವೆಂದು ನನ್ನ ನಂಬಿಕೆ. ದಿನದಿನವೂ ಅಲ್ಪವನ್ನು ವ್ಯಯಿಸಿದವನು ತಿಂಗಳ ಕೊನೆಗೆ ಹಸುರುಗಟ್ಟಿದ ನೀರಿಗೆ ಸಾವಿರಾರು ರೂಪಾಯಿಯ ಔಷಧಿಯನ್ನು ಸುರಿಯಬೇಕಾಗುವುದಿಲ್ಲ.

ಲೆಕ್ಕವನ್ನೇ ನೋಡೋಣ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳದ ಕೊಳದಲ್ಲಿ ಸುಮಾರು 22,600 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಸೇರಿಸಬೇಕಾದರೆ, ನೂರಕ್ಕೆ ಮೂವತ್ತರಷ್ಟು ಸತ್ತ್ವವುಳ್ಳ ಬ್ಲೀಚಿಂಗ್ ಪುಡಿ 150 ಗ್ರಾಂ ಸಾಕು. ಈ ಪುಡಿಯನ್ನು ನೇರವಾಗಿ ಎರಚದೆ, ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಸೂರ್ಯಾಸ್ತದ ತರುವಾಯ ಕೊಳಕ್ಕೆ ಸೇರಿಸತಕ್ಕದ್ದು. ಏಕೆಂದರೆ ನಮ್ಮ ಸೀಮೆಯ ಪ್ರಖರವಾದ ಬಿಸಿಲು ನೀರಿನಲ್ಲಿರುವ ಕ್ಲೋರಿನ್ನಿನ ಬಹುಭಾಗವನ್ನು ಕೆಲವೇ ಗಂಟೆಗಳಲ್ಲಿ ನಾಶಮಾಡಿಬಿಡುತ್ತದೆ. ಹಗಲಲ್ಲಿ ಸುರಿದ ಹಣವು ಹಗಲಲ್ಲಿಯೇ ಆವಿಯಾದಂತೆ. ಡಬ್ಬಿಯ ಮುಚ್ಚಳ ತೆರೆದಿಟ್ಟ ಪುಡಿಯೂ ತೇವಕ್ಕೆ ಸಿಕ್ಕಿ ಸತ್ತ್ವಹೀನವಾಗುತ್ತದಾದ್ದರಿಂದ, ಅಗ್ಗವೆಂದು ಮೂಟೆಗಟ್ಟಲೆ ಕೊಂಡಿಡುವುದು ಉಳಿತಾಯವಲ್ಲ.

ಇನ್ನೊಂದು ಸೂಕ್ಷ್ಮವುಂಟು. ನೀರಿನ ಪಿಎಚ್ 7.5ರಲ್ಲಿದ್ದಾಗ ಕ್ಲೋರಿನ್ನಿನ ಸರಿಸುಮಾರು ಅರ್ಧಭಾಗವು ಕ್ರಿಮಿಗಳನ್ನು ಕೊಲ್ಲುವ ಪ್ರಬಲ ರೂಪದಲ್ಲಿರುತ್ತದೆ. ಅದು 8ಕ್ಕೇರಿದರೆ ಆ ಭಾಗವು ಕಾಲಂಶಕ್ಕೆ ಇಳಿಯುತ್ತದೆ. ನಮ್ಮ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬ್ಲೀಚಿಂಗ್ ಪುಡಿಯ ಸುಣ್ಣವು ಅದನ್ನು ಮತ್ತಷ್ಟು ಕ್ಷಾರದ ಕಡೆಗೆ ಒಯ್ಯುತ್ತದೆ. ಆದಕಾರಣ ಪುಡಿಯನ್ನು ಇಮ್ಮಡಿಸುವುದಕ್ಕಿಂತ ಮೊದಲು, ಅಲ್ಪ ಬೆಲೆಗೆ ದೊರೆಯುವ ಪರೀಕ್ಷಾಪಟ್ಟಿಯನ್ನು ನೀರಿಗದ್ದಿ ನೋಡಿ, ಅಗತ್ಯವಿದ್ದಷ್ಟೇ ಆಮ್ಲವನ್ನು ನೀರಿನಲ್ಲಿ ತೆಳುವಾಗಿಸಿ ಸೇರಿಸುವುದು ವಿವೇಕ. ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಪಾತ್ರೆಯಲ್ಲಿ ಎಂದಿಗೂ ಕೂಡಿಸಕೂಡದು. ಅವೆರಡರ ಸಂಯೋಗದಿಂದ ಹುಟ್ಟುವ ವಿಷಾನಿಲವು ಪ್ರಾಣಾಂತಿಕವಾದದ್ದು. ಮಕ್ಕಳಿರುವ ಮನೆಯಲ್ಲಿ ಇವೆರಡನ್ನೂ ಬೇರೆಬೇರೆಯಾಗಿ, ಬೀಗದೊಳಗೆ ಇಡಬೇಕೆಂದು ನಾನು ಕೈಮುಗಿದು ಹೇಳುತ್ತೇನೆ.

ಕೆಸರಡರಿದ ನೀರನ್ನು ತಿಳಿಗೊಳಿಸುವ ವಿದ್ಯೆಯು ನಮ್ಮಲ್ಲಿ ಅತಿ ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ವಿವರಿಸುತ್ತ, ಅಂಜನ, ಮುಸ್ತೆ, ಲಾವಂಚ, ನೆಲ್ಲಿ ಮೊದಲಾದವುಗಳ ಚೂರ್ಣವನ್ನು ಕತಕಬೀಜದೊಡನೆ ಬಾವಿಗೆ ಹಾಕುವ ಯೋಗವೊಂದನ್ನು ಹೇಳುತ್ತಾನೆ. ಕತಕದ ಈ ಗುಣವು, ಹಿತ್ತಲ ನುಗ್ಗೆಯ ಬೀಜದ ಗುಣದಂತೆಯೇ, ಇಂದಿನ ಪ್ರಯೋಗಶಾಲೆಗಳಲ್ಲಿಯೂ ಸಿದ್ಧವಾಗಿರುವ ಸಂಗತಿ: ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ತಳಕ್ಕಿಳಿಯುತ್ತವೆ. ಕೊಡದ ನೀರಿಗೆ ಇದು ಸೊಗಸಾದ ಉಪಾಯ. ಬಹುಕಾಲ ನಿಲ್ಲುವ ಕೊಳಕ್ಕಾದರೋ, ಬೀಜದಿಂದ ಉಳಿಯುವ ಸಾವಯವಾಂಶವೇ ಮುಂದೆ ಪಾಚಿಗೂ ಕ್ರಿಮಿಗಳಿಗೂ ಆಹಾರವಾಗುವುದರಿಂದ, ಅಲ್ಲಿ ನಾನು ಪಟಿಕದ ಪಕ್ಷಪಾತಿ. ಪಟಿಕವನ್ನು ಕರಗಿಸಿ ಕಲಕಿ, ಇರುಳಿಡೀ ನೀರನ್ನು ಅಲುಗಿಸದೆ ಬಿಟ್ಟು, ಬೆಳಗ್ಗೆ ತಳದ ಗಸಿಯನ್ನು ಒಂದು ರಬ್ಬರು ಕೊಳವೆಯಿಂದ ತಗ್ಗಿನ ಕಡೆಗೆ ಎಳೆದುಬಿಟ್ಟರೆ, ವಿದ್ಯುತ್ತಿನ ವೆಚ್ಚವೂ ಇಲ್ಲ.

ಇವೆಲ್ಲಕ್ಕಿಂತ ಅಗ್ಗವಾದದ್ದು ಕೊಳೆಯನ್ನು ಒಳಕ್ಕೇ ಬಿಡದಿರುವುದು. ಈಜುಕೊಳದಲ್ಲಿ ಮೂಗಿಗೆ ಬಡಿಯುವ ವಾಸನೆಯನ್ನೂ ಕಣ್ಣುರಿಯನ್ನೂ ಕ್ಲೋರಿನ್ ಹೆಚ್ಚಾದುದರ ಗುರುತೆಂದು ಬಹುಮಂದಿ ತಿಳಿದಿದ್ದಾರೆ. ವಸ್ತುತಃ ಅದು ಬೆವರು ಮೂತ್ರಗಳಲ್ಲಿರುವ ಸಾರಜನಕಯುಕ್ತ ದ್ರವ್ಯಗಳೊಡನೆ ಕ್ಲೋರಿನ್ ಕೂಡಿ ಆದ ವಿಕಾರ. ತಲೆಗೆ ಹರಳೆಣ್ಣೆ ಬಳಿದುಕೊಂಡು ನೇರವಾಗಿ ನೀರಿಗೆ ಹಾರುವ ಬದಲು, ದಡದಲ್ಲಿ ಎರಡು ತಂಬಿಗೆ ನೀರು ಹೊಯ್ದುಕೊಂಡು ಇಳಿಯುವ ನಿಯಮವೊಂದನ್ನು ಮನೆಯವರೂ ನೆಂಟರೂ ಪಾಲಿಸಿದರೆ ಎಷ್ಟೋ ಔಷಧಿ ಉಳಿಯುತ್ತದೆ. ಬೆಳಗ್ಗೆ ಬಲೆಯಿಂದ ಎಲೆಗಳನ್ನು ತೆಗೆಯುವುದು, ವಾರಕ್ಕೊಮ್ಮೆ ಗೋಡೆಯನ್ನು ಉಜ್ಜುವುದು, ಈಜದ ದಿನಗಳಲ್ಲಿ ಹೊದಿಕೆ ಎಳೆಯುವುದು, ಇವು ಕೈಕೆಲಸಗಳು.

ಹೀಗೆ ಕಾಪಾಡಿದ ಕೊಳವನ್ನು ಪದೇಪದೇ ಬರಿದುಮಾಡಿ ತುಂಬಿಸಬೇಕಾದ ಪ್ರಮೇಯವಿಲ್ಲವೆಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಜಲಜೀವನ್ ಯೋಜನೆಯು ಹಳ್ಳಿಯ ಒಬ್ಬನಿಗೆ ದಿನಕ್ಕೆ 55 ಲೀಟರ್ ನೀರು ದೊರೆಯಬೇಕೆಂದು ವಿಧಿಸಿದೆ. ಆ ಮಾನದಿಂದ ಅಳೆದರೆ, ಹಸುರುಗಟ್ಟಿತೆಂದು ಒಮ್ಮೆ ಹೊರಚೆಲ್ಲಿದ ಈ ಕೊಳದ ನೀರು ಐವರ ಸಂಸಾರವೊಂದಕ್ಕೆ ಎಂಬತ್ತು ದಿನಗಳಿಗೂ ಮೀರಿ ಆಗುತ್ತಿತ್ತು. ಹೇಮಾವತಿಯ ನಾಲೆ ಮುಟ್ಟದ ಕೃಷ್ಣರಾಜಪೇಟೆ, ನಾಗಮಂಗಲಗಳ ಬೆದ್ದಲು ಗ್ರಾಮಗಳ ಬೇಸಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಿವಾರ್ಯವಾಗಿ ಖಾಲಿ ಮಾಡುವುದಾದರೆ, ಔಷಧಿ ಹಾಕುವುದನ್ನು ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ತೆರೆದಿಟ್ಟು, ಪರೀಕ್ಷಾಪಟ್ಟಿಯಲ್ಲಿ ಕ್ಲೋರಿನ್ ಇಲ್ಲವೆಂದು ಖಚಿತಪಡಿಸಿಕೊಂಡು, ತೆಂಗಿನ ಪಾತಿಗಳಿಗೆ ಹಂಚಿ ಬಿಡಬಹುದು. ಕೆರೆಗೆ ಸೇರುವ ಹಳ್ಳಕ್ಕೆ ಮಾತ್ರ ಬಿಡಲಾಗದು. ಈಜುವವನಿಗೆ ಹಿತವಾದ ಅಷ್ಟೇ ಕ್ಲೋರಿನ್ ಮೀನಿನ ಕಿವಿರಿಗೆ ಮಾರಕ.